ಗಡಿಯಲ್ಲೊಂದು ಕವಿಮನೆ: ಮಂಜೇಶ್ವರದ ‘ಗಿಳಿವಿಂಡು’

ಕರ್ನಾಟಕದ ಗಡಿ ತಕರಾರು ಬಗೆಹರಿಸಲು ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ನಿಪ್ಪಾಣಿ ಮಹಾರಾಷ್ಟ್ರಕ್ಕೆ, ಚಂದ್ರಗಿರಿ ಹೊಳೆಯ ಬಡಗಣ ಕಾಸರಗೋಡು ಕರ್ನಾಟಕಕ್ಕೆ ಎಂದಿತು. ಎರಡೂ ಆಗಲಿಲ್ಲ. ಹೀಗೆ ಒಂದೇ ವರದಿಯಲ್ಲಿ ಸಿಕ್ಕಿಕೊಂಡ ಎರಡು ಸೀಮೆಗಳ ಪೈಕಿ ಕಾಸರಗೋಡಿನ ಕಡೆ ಒಂದು ಹಳೆಯ ಮನೆ ಇದೆ. ನಿಪ್ಪಾಣಿ ಕಡೆಯ ಚಿಕ್ಕೋಡಿ, ಅಥಣಿ ಭಾಗದವರು ಒಮ್ಮೆ ನೋಡಿ ಬರಬೇಕಾದದ್ದು.

ಅದು ಮಂಜೇಶ್ವರ ಗೋವಿಂದ ಪೈ ಅವರ ಮನೆ. 1883ರಲ್ಲಿ ಹುಟ್ಟಿದ ಪೈ ಹತ್ತಾರು ಭಾಷೆ ಬಲ್ಲವರು. ‘ಗೊಲ್ಗೊಥಾ’, ‘ವೈಶಾಖಿ’ ಬರೆದವರು, ಏಕಲವ್ಯನ ಕತೆಯನ್ನು ‘ಹೆಬ್ಬೆರಳು’ ನಾಟಕ ಮಾಡಿದವರು. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. 1956ರ ನವೆಂಬರ್ 1ರಂದು, ಇದ್ದ ಊರಲ್ಲೇ ಇದ್ದು ಕೇರಳದವರಾದರು. 1963ರಲ್ಲಿ ತೀರಿಕೊಂಡರು. ಅವರ ಗ್ರಂಥಭಂಡಾರ ಉಡುಪಿಯ ಎಂಜಿಎಂ ಕಾಲೇಜು ಸೇರಿತು. ಮಂಜೇಶ್ವರದ ಸರ್ಕಾರಿ ಕಾಲೇಜಿಗೆ ಅವರ ಹೆಸರು ಬಂತು. ಮನೆ ಮಾತ್ರ ಬಹುಕಾಲ ಸೊರಗಿತು.

ಆ ಮನೆಗೆ ಮತ್ತೆ ಜೀವ ಕೊಟ್ಟದ್ದು ‘ಗಿಳಿವಿಂಡು’ ಯೋಜನೆ. ಹೆಸರು ಪೈ ಅವರ 1930ರ ಕವನ ಸಂಕಲನದ್ದು. ಕರ್ನಾಟಕ, ಕೇರಳ ಎರಡೂ ರಾಜ್ಯ ಸರ್ಕಾರಗಳು ಕೈಜೋಡಿಸಿದವು. 2017ರ ಜನವರಿಯಲ್ಲಿ ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಉದ್ಘಾಟಿಸಿದರು. ಕವಿಯ ಮನೆ ಸ್ಮಾರಕವಾಗಿ ಉಳಿದರೆ, ಅದೇ ಆವರಣದಲ್ಲಿ ಸಭೆ, ನಾಟಕ, ಯಕ್ಷಗಾನಕ್ಕೆ ಸಭಾಂಗಣ ಎದ್ದಿತು. ತುಳು, ಕೊಂಕಣಿ, ಮಲಯಾಳ, ಕನ್ನಡ ದಿನವೂ ಬೆರೆಯುವ ಊರಿನಲ್ಲಿ ಕವಿ ಯಾವ ರಾಜ್ಯದ ಸೊತ್ತು ಎಂಬ ಪ್ರಶ್ನೆಗೆ ಇಲ್ಲಿ ಕೆಲಸವಿಲ್ಲ.

ಇತ್ತ ನಿಪ್ಪಾಣಿ, ಚಿಕ್ಕೋಡಿ, ಅಥಣಿಯ ಕೃಷ್ಣಾ ಸೀಮೆಯಲ್ಲೂ ಹಳೆಯ ಕಟ್ಟಡಕ್ಕೆ ಹೀಗೆ ಜೀವ ಕೊಡಲು ಸಾಮಗ್ರಿಗೆ ಬರವಿಲ್ಲ. ನಿಪ್ಪಾಣಿ ತಂಬಾಕಿನ ಪೇಟೆ. ಗೋದಾಮುಗಳ ಅಗಲ ಗೋಡೆ, ಎತ್ತರದ ಮಾಡು ನಾಟಕಕ್ಕೆ ಹೇಳಿ ಮಾಡಿಸಿದಂತಿರುತ್ತವೆ. ಊರೂರಿಗೆ ವಾಡೆಗಳಿವೆ. ಶ್ರೀಕೃಷ್ಣ ಪಾರಿಜಾತ, ಕರಡಿ ಮಜಲು, ಡೊಳ್ಳು, ಭಜನೆ, ಕನ್ನಡ, ಮರಾಠಿ ಎರಡೂ ಭಾಷೆಯ ಲಾವಣಿ ಇವೆ. ಆಡುವವರು ಇದ್ದಾರೆ, ಕಟ್ಟಡವೂ ಇದೆ. ಎರಡನ್ನೂ ಕೂಡಿಸುವವರು ಬೇಕು.

ದುರಸ್ತಿಗೆ ದುಡ್ಡು ಹೇಗೋ ಬಂದೀತು. ಸುಣ್ಣಬಣ್ಣ ಮಾಡಿ, ರಿಬ್ಬನ್ ಕತ್ತರಿಸಿ, ಆಮೇಲೆ ಬೀಗ ಹಾಕಿದ ಭವನಗಳು ನಮ್ಮಲ್ಲಿ ಕಡಿಮೆಯಿಲ್ಲ. ಹಾಗಾಗಿ ಅಂದಾಜುಪಟ್ಟಿ ಬರೆಯುವ ಮೊದಲೇ ಮೂರು ಮಾತು ಗೊತ್ತಾಗಬೇಕು: ಸಂಜೆ ತಾಲೀಮು ಯಾರದು, ಕರೆಂಟ್ ಬಿಲ್ ಯಾರದು, ಬೀಗದ ಕೈ ಯಾರ ಹತ್ತಿರ. ಕೈ ಊರವರ ಹತ್ತಿರ ಇದ್ದರೆ ಉಳಿದೆರಡಕ್ಕೂ ದಾರಿ ಸಿಗುತ್ತದೆ.