ಬಡಿತಗಳ ನಡುವಿನ ಅಂತರ ಹೇಳುವ ಹೃದಯದ ಸ್ಥಿತಿ

ಆರೋಗ್ಯವಂತ ಹೃದಯವು ಗಡಿಯಾರದಂತೆ ಒಂದೇ ಸಮನೆ ಬಡಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಇಸಿಜಿ ದಾಖಲೆಯನ್ನು ಸೂಕ್ಷ್ಮವಾಗಿ ಅಳೆದಾಗ ಅದು ನಿಜವಲ್ಲವೆಂದು ತಿಳಿಯುತ್ತದೆ. ನಿಮಿಷಕ್ಕೆ 60 ಬಾರಿ ಬಡಿಯುವ ಹೃದಯದಲ್ಲಿ ಎರಡು ಬಡಿತಗಳ ನಡುವಿನ ಸರಾಸರಿ ಅಂತರ 1000 ಮಿಲಿಸೆಕೆಂಡು ಇರುತ್ತದೆಯಾದರೂ, ಒಂದರ ಹಿಂದೊಂದು ಬರುವ ಅಂತರಗಳು 960, 1030, 990 ಎಂಬಂತೆ ಹಿಗ್ಗುತ್ತ ಕುಗ್ಗುತ್ತ ಸಾಗುತ್ತವೆ. ಈ ವ್ಯತ್ಯಾಸವನ್ನೇ ಹೃದಯ ಬಡಿತದ ಏರಿಳಿತ ಅಥವಾ ಎಚ್‌ಆರ್‌ವಿ ಎನ್ನಲಾಗುತ್ತದೆ.

ಬಲ ಹೃತ್ಕರ್ಣದಲ್ಲಿರುವ ಸೈನಸ್ ಗಂಟು ಎಂಬ ಜೀವಕೋಶಗಳ ಗುಂಪು ಬಡಿತದ ಮೂಲವಾಗಿದ್ದು, ನರಗಳ ಪ್ರಭಾವವಿಲ್ಲದಿದ್ದರೆ ಅದು ವಯಸ್ಕರಲ್ಲಿ ನಿಮಿಷಕ್ಕೆ ಸುಮಾರು 100 ಬಾರಿ ಮಿಡಿಯುತ್ತದೆ. ಮಿದುಳಿನಿಂದ ಇಳಿದುಬರುವ ವೇಗಸ್ ನರವು ಈ ವೇಗವನ್ನು ತಗ್ಗಿಸಿದರೆ, ಶ್ರಮ ಮತ್ತು ಆತಂಕದ ವೇಳೆ ಚುರುಕಾಗುವ ಅನುವೇದನಾ ನರಗಳು ಅದನ್ನು ಹೆಚ್ಚಿಸುತ್ತವೆ. ಉಸಿರನ್ನು ಒಳಗೆಳೆದುಕೊಂಡಾಗ ವೇಗಸ್‌ನ ಹಿಡಿತ ಸಡಿಲವಾಗಿ ಬಡಿತಗಳು ಹತ್ತಿರವಾಗುತ್ತವೆ, ಹೊರಬಿಟ್ಟಾಗ ದೂರವಾಗುತ್ತವೆ. ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಕಾರ್ಲ್ ಲುಡ್ವಿಗ್ 1847ರಲ್ಲಿಯೇ ಉಸಿರಾಟದೊಂದಿಗೆ ಬಡಿತದ ವೇಗ ಹೀಗೆ ಬದಲಾಗುವುದನ್ನು ದಾಖಲಿಸಿದ್ದರು.

ಈ ಏರಿಳಿತ ಕುಗ್ಗುವ ಸ್ಥಿತಿಗಳಲ್ಲಿ ಹೃದಯ ವೈಫಲ್ಯವೂ ಒಂದು. ಹೃದಯ ವೈಫಲ್ಯವೆಂದರೆ ಹೃದಯ ನಿಂತುಹೋಗುವುದಲ್ಲ, ದೇಹಕ್ಕೆ ಬೇಕಾದಷ್ಟು ರಕ್ತವನ್ನು ತಳ್ಳುವ ಶಕ್ತಿ ಅದಕ್ಕೆ ಕುಂದುವುದು. ಈ ಕೊರತೆಯನ್ನು ತುಂಬಲು ಅನುವೇದನಾ ನರಗಳು ಸದಾ ಉದ್ದೀಪ್ತವಾಗಿದ್ದು, ವೇಗಸ್‌ನ ಪ್ರಭಾವ ಕ್ಷೀಣಿಸುವುದರಿಂದ, ಬಡಿತವು ವೇಗವಾಗುವುದರ ಜೊತೆಗೆ ಏರಿಳಿತವನ್ನೂ ಕಳೆದುಕೊಳ್ಳುತ್ತದೆ. 24 ಗಂಟೆಗಳ ಹೋಲ್ಟರ್ (ನಿರಂತರ ಇಸಿಜಿ) ದಾಖಲೆಯಲ್ಲಿ ಎಲ್ಲ ಅಂತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದನ್ನು ತೋರುವ ಎಸ್‌ಡಿಎನ್‌ಎನ್ ಎಂಬ ಅಳತೆಯು ಆರೋಗ್ಯವಂತರಲ್ಲಿ ಸರಾಸರಿ 141 ಮಿಲಿಸೆಕೆಂಡು ಇರುತ್ತದೆಂದು 1996ರ ಅಂತರರಾಷ್ಟ್ರೀಯ ತಜ್ಞರ ವರದಿ ತಿಳಿಸಿತು. ಬ್ರಿಟನ್ನಿನಲ್ಲಿ 433 ಹೃದಯ ವೈಫಲ್ಯ ರೋಗಿಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಈ ಅಳತೆ 100ಕ್ಕಿಂತ ಹೆಚ್ಚಿದ್ದವರಲ್ಲಿ ವಾರ್ಷಿಕ ಮರಣ ಪ್ರಮಾಣ ಶೇ. 5.5 ಇದ್ದರೆ, 50ಕ್ಕಿಂತ ಕಡಿಮೆಯಿದ್ದವರಲ್ಲಿ ಅದು ಶೇ. 51.4 ಆಗಿತ್ತು.

ಆದರೂ ಏರಿಳಿತ ಹೆಚ್ಚಿದಷ್ಟೂ ಒಳಿತೆಂದು ಭಾವಿಸಲಾಗದು. ಹೃತ್ಕರ್ಣಗಳು ಅಂಕೆತಪ್ಪಿ ಅದುರುವ ಏಟ್ರಿಯಲ್ ಫಿಬ್ರಿಲೇಶನ್ ರೋಗದಲ್ಲಿ ಅಂತರಗಳು ಬಹಳ ಚದುರಿದ್ದರೂ ಅದು ನರಗಳ ಸುಸ್ಥಿತಿಯ ಗುರುತಲ್ಲ. ವಯಸ್ಸಾದಂತೆ ಈ ಅಳತೆ ಸಹಜವಾಗಿಯೇ ಇಳಿಯುತ್ತದೆ, ಮತ್ತು ಕೈಗಡಿಯಾರಗಳು ಕೆಲವು ನಿಮಿಷಗಳಲ್ಲಿ ತೆಗೆಯುವ ಅಂಕಿಯನ್ನು 24 ಗಂಟೆಗಳ ಅಳತೆಯೊಡನೆ ಹೋಲಿಸುವಂತಿಲ್ಲ. ಆದ್ದರಿಂದ ಇಂತಹ ಅಂಕಿಯೊಂದನ್ನೇ ನಂಬಿ ಹೆದರುವುದಾಗಲಿ ನಿಶ್ಚಿಂತರಾಗುವುದಾಗಲಿ ಸಲ್ಲದು. ಮಲಗಿದಾಗ ಉಸಿರು ಕಟ್ಟುವುದು, ಕಾಲು ಊದಿಕೊಳ್ಳುವುದು, ಸ್ವಲ್ಪ ನಡೆದರೂ ದಣಿವಾಗುವುದು ಮುಂತಾದ ಲಕ್ಷಣಗಳು ಕಂಡುಬಂದಲ್ಲಿ ತಡಮಾಡದೆ ವೈದ್ಯರಲ್ಲಿ ಹೃದಯ ತಪಾಸಣೆ ಮಾಡಿಸಿಕೊಳ್ಳುವುದು ಅಗತ್ಯ.