ಎನ್‌ಕ್ವಯರಿಗೆ ಬಾ ಅಂದ್ರು, ಚಾರ್ಜಿಗೆ ಕಾಸೆಲ್ಲಿ?

ಕೋಲಾರದ ಚಿನ್ನದ ಗಣಿಯ ಸೆಕ್ಯುರಿಟಿ ಆಫೀಸರೊಬ್ಬರ ಮನೆ ಮೇಲೆ 1985ರ ಜೂನ್‌ನಲ್ಲಿ ಪೊಲೀಸರ ದಾಳಿ ನಡೆಯಿತು. ನಾಲ್ಕೂವರೆ ಗ್ರಾಂ ಚಿನ್ನದ ಉಂಡೆ, ಒಂದಿಷ್ಟು ಚಿನ್ನದ ಮರಳು ಸಿಕ್ಕಿತೆಂದು ಆಪಾದನೆ. ಕೂಡಲೇ ಸಸ್ಪೆಂಡ್! ಒಂದು ಕಡೆ ಕೋರ್ಟು ಕೇಸು, ಇನ್ನೊಂದು ಕಡೆ ಕಂಪನಿಯ ವಿಚಾರಣೆ.

ಸಸ್ಪೆಂಡಾದವರಿಗೂ ಹೊಟ್ಟೆಯಿದೆ, ಅದಕ್ಕೇ ಜೀವನಾಧಾರ ಭತ್ಯೆ ಅಂತ ಇರೋದು. ಇವರಿಗೆ ಬಿಡಿಗಾಸೂ ಬರಲಿಲ್ಲ. ಕೇರಳದ ಊರಿನಲ್ಲಿದ್ದರು, ಮೈಯಲ್ಲೂ ಹುಷಾರಿಲ್ಲ. ವಿಚಾರಣೆ ಮುಂದೆ ಹಾಕಿ ಎಂದು ಡಾಕ್ಟರ ಸರ್ಟಿಫಿಕೇಟ್ ಸಮೇತ ಬರೆದರು. ಕೇಳುವವರ್ಯಾರು? ಖಾಲಿ ಕುರ್ಚಿಯ ಮುಂದೆಯೇ ವಿಚಾರಣೆ ಮುಗಿಸಿ 1986ರಲ್ಲಿ ವಜಾ ಮಾಡಿದರು. 1987ರಲ್ಲಿ ಕ್ರಿಮಿನಲ್ ಕೋರ್ಟು ಖುಲಾಸೆ ಮಾಡಿದರೂ ಕಂಪನಿ ಜಪ್ಪಯ್ಯ ಎನ್ನಲಿಲ್ಲ.

ಭತ್ಯೆ ಕೊಡದೆ ಗೈರುಹಾಜರಿಯಲ್ಲಿ ನಡೆಸಿದ ಈ ವಿಚಾರಣೆ ನಿಲ್ಲದು, ಪೂರ್ತಿ ಬಾಕಿ ಸಂಬಳದೊಂದಿಗೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಸುಪ್ರೀಂ ಕೋರ್ಟು ಹೇಳುವ ಹೊತ್ತಿಗೆ 1999 ಬಂದಿತ್ತು.

ಅಂದು ಬರೆದ ಕಾಗದ ವ್ಯರ್ಥವಾಗಲಿಲ್ಲ ನೋಡಿ. ನೋಟಿಸು ಬಂದರೆ ಸಾಹೇಬರಿಗೆ ಬಾಯಲ್ಲಿ ಹೇಳಿ ಸುಮ್ಮನಾಗೋರು ನಮ್ಮಲ್ಲಿ ಬಹಳ. ಬರೆದು ಕೊಡಿ, ನಕಲಿಗೆ ಸೀಲು ಹಾಕಿಸಿಕೊಳ್ಳಿ. ಬರೋಕೆ ಆಗದಿದ್ದರೆ ಯಾಕೆ ಎನ್ನುವುದನ್ನೂ ಬರೆಯಿರಿ.

ಹದಿನಾಲ್ಕು ವರ್ಷಕ್ಕೆ ಕೆಲಸ ವಾಪಸ್ ಸಿಕ್ಕಿತು. 2001ರಲ್ಲಿ ಗಣಿಯೇ ಮುಚ್ಚಿತು.