ಕಡಗ ತೊಟ್ಟವನ ತೂಕ

ರಾಯಚೂರು ಬಸ್ಸಿನಲ್ಲಿ ಕೂತವರಿಗೆ ಮಾನ್ವಿ ಇನ್ನೇನು ಬಂತು ಅನ್ನುವಾಗ ನೀರಮಾನ್ವಿ ಸಿಗುತ್ತದೆ. ಬಂಡೆಗಲ್ಲಿನ ಗುಡ್ಡ, ಯಲ್ಲಮ್ಮನ ಗುಡಿ, ರಸ್ತೆಗೆ ಮುಖ ಮಾಡಿದ ತಗಡಿನ ಹೋಟೆಲುಗಳು. ಬೆಳಿಗ್ಗೆ ಏಳಕ್ಕೆಲ್ಲ ವಗ್ಗರಣಿ-ಮಿರ್ಚಿ ಶುರು. ಮಂಡಾಳು ನೀರಿಗೆ ಅದ್ದಿ, ಎರಡೂ ಅಂಗೈಯಲ್ಲಿ ಹಿಂಡಿ, ಉಳ್ಳಾಗಡ್ಡಿ-ಅರಿಶಿನದ ಬಾಣಲೆಗೆ ಸುರಿದು, ಮೇಲೆ ಪುಠಾಣಿ ಹಿಟ್ಟು ಉದುರಿಸುವ ಹೊತ್ತಿಗೆ ಪಕ್ಕದ ಎಣ್ಣೆಯಲ್ಲಿ ಮಿರ್ಚಿ ಉಬ್ಬಿ ತೇಲುತ್ತಿರುತ್ತದೆ. ಪೇಪರಿನ ತುಂಡಿನ ಮೇಲೆ ಅದನ್ನು ಇಟ್ಟುಕೊಂಡು ಜನ ಸಾಮಾನ್ಯವಾಗಿ ಮಾತಾಡುವುದು ಎರಡೇ ಸಂಗತಿ: ಎಡದಂಡೆ ನಾಲೆಯ ನೀರು, ಹತ್ತಿಯ ರೇಟು.

ಇವತ್ತು ಎರಡೂ ಇಲ್ಲ. ನಿನ್ನೆ ಸಂಜೆ ಈ ಸೀಮೆಯ ಜಾತ್ರೆಯೊಂದರ ಕಡೇ ಕುಸ್ತಿಯಲ್ಲಿ, ಬೆಳ್ಳಿ ಕಡಗ ತನ್ನದೇ ಎಂದು ಬಂದಿದ್ದ ಹೊರಗಿನ ದೊಡ್ಡ ಪೈಲ್ವಾನನನ್ನು ಪಕ್ಕದೂರಿನ ಹುಡುಗ ಚಿತ್ ಮಾಡಿದ್ದಾನೆ. ಕುಸ್ತಿ ನೋಡಿದವರು ಹೋಟೆಲಿನಲ್ಲಿ ಇದ್ದದ್ದು ಏಳೆಂಟು ಮಂದಿ. ತೀರ್ಪು ಕೊಡುತ್ತಿದ್ದವರು ಇಪ್ಪತ್ತು ಮಂದಿ.

ಜಾತ್ರೆ ಕುಸ್ತಿ ಶುರುವಾಗುವುದು ಕಾಯಿ ಕುಸ್ತಿಯಿಂದ. ಚಡ್ಡಿ ಹುಡುಗರು ಬಂದು, ಒಂದು ತೆಂಗಿನಕಾಯಿಗಾಗಿ ಮಣ್ಣಲ್ಲಿ ಉರುಳಾಡಿ, ಗೆದ್ದವನು ಕಾಯಿ ಹಿಡಿದುಕೊಂಡು ಅಪ್ಪನ ಕಡೆ ಓಡುತ್ತಾನೆ. ಆಮೇಲೆ ನೂರರ ಕುಸ್ತಿ, ಐನೂರರ ಕುಸ್ತಿ. ಕಡೆಗೆ ಕಡಗ. ಈ ಕಣದಲ್ಲಿ ತೂಕದ ಯಂತ್ರವಿಲ್ಲ. ಊರ ಹಿರಿಯರು ಇಬ್ಬರ ಕೈ ಹಿಡಿದು, ಹಲಗಿಯ ಬಡಿತಕ್ಕೆ ಸರಿಯಾಗಿ ಕಣದ ಸುತ್ತ ತಿರುಗಿಸಿ, ‘ಜೋಡಿ ಆತೇನ್ರಿ?’ ಎಂದು ಜನರನ್ನೇ ಕೇಳುತ್ತಾರೆ. ಜನ ಹೂಂ ಅಂದರೆ ಕುಸ್ತಿ. ನಿನ್ನೆ ಜನ ಹೂಂ ಅಂದದ್ದು ಒಲ್ಲದ ಮನಸ್ಸಿನಿಂದ. ದೊಡ್ಡವನು 110 ಕಿಲೋ ಇದ್ದಾನು, ಹುಡುಗ 90 ದಾಟಿದ್ದರೆ ಹೆಚ್ಚು. ಬೇರೆ ಜೋಡಿ ಸಿಗಲಿಲ್ಲ, ಹೊತ್ತು ಮುಳುಗುತ್ತಿತ್ತು.

ಇಬ್ಬರೂ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಸಲಾಮಿ ಹೊಡೆದರು. ಮೊದಲ ಐದಾರು ನಿಮಿಷ ನೋಡುವವರಿಗೆ ಬೇಸರದ ಕುಸ್ತಿ. ಕುತ್ತಿಗೆಗೆ ಕೈ, ಹಣೆಗೆ ಹಣೆ, ತಳ್ಳಾಟ. ಹುಡುಗ ಒಮ್ಮೆ ಮೊಣಕಾಲೂರಿದ, ಎದ್ದ. ಮತ್ತೆ ಊರಿದ. ದೊಡ್ಡವನು ಬೆನ್ನ ಮೇಲೆ ಬಿದ್ದು ಒತ್ತಿದಾಗ ಹುಡುಗನ ಮುಖ ಮಣ್ಣೊಳಗೆ ಹೋಯಿತು. ‘ಮುಗೀತು’ ಅಂತ ಕೆಲವರು ಎದ್ದು ಚಪ್ಪಲಿ ಹುಡುಕತೊಡಗಿದರು. ಆಗ ದೊಡ್ಡವನ ಬಲಗೈ ಹುಡುಗನ ಎದೆಯ ಕೆಳಗೆ ನುಗ್ಗಿತು, ಮಗುಚಿ ಹಾಕಲೆಂದು. ಹುಡುಗ ಆ ಕೈಯನ್ನೇ ಕಂಕುಳಲ್ಲಿ ಬಿಗಿದು, ಸೊಂಟ ತಿರುವಿ, ಉರುಳಿದ. ತಾಲೀಮಿನವರು ಘಿಸ್ಸಾ ಅನ್ನುವ ಡಾವು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ದೊಡ್ಡವನ ಎರಡೂ ಹೆಗಲು ಮಣ್ಣಿಗೆ ಹತ್ತಿದ್ದವು.

ಹೋಟೆಲಿನ ತಕರಾರು ಇಲ್ಲಿಂದ ಶುರು. ‘ಲಕ್ಕು’ ಅಂದ ಒಬ್ಬ. ‘ದೊಡ್ಡಾಂವ ಹಿಂದಿನ ದಿನ ಇನ್ನೊಂದು ಊರಾಗ ಹಿಡಿದು ಬಂದಿದ್ದನಂತ, ದಣಿದಿದ್ದ’ ಅಂದ ಇನ್ನೊಬ್ಬ. ಮೂರನೆಯವನು ಹುಡುಗನಿಗೆ ಆಗಲೇ ಮೈಸೂರು ದಸರಾ ಕುಸ್ತಿಯ ಗದೆ ಕೊಡಿಸಿಬಿಟ್ಟಿದ್ದ. ಮೂಲೆಯ ಬೆಂಚಿನಲ್ಲಿ, ಕಿವಿ ಮುದುಡಿ ಗಂಟಾದ ಒಬ್ಬ ಹಿರಿಯರು ಬಸಿಯಲ್ಲಿ ಚಾ ಆರಿಸುತ್ತಿದ್ದರು. ಒಂದು ಕಾಲದಲ್ಲಿ ತಾವೂ ಕುಸ್ತಿ ಹಿಡಿದವರು. ಅವರು ಮಾತಾಡಲಿಲ್ಲ.

ಮೊಬೈಲ್ ಹೊರಬಂದದ್ದು ಆಗ. ಕಾಲೇಜು ಹುಡುಗನೊಬ್ಬ ಬಾಕ್ಸಿಂಗ್ ಹಚ್ಚಿದ. ಸುದೀಪ್ ‘ಪೈಲ್ವಾನ್’ ಚಿತ್ರದಲ್ಲಿ ಕುಸ್ತಿ ಬಿಟ್ಟು ಬಾಕ್ಸಿಂಗ್ ರಿಂಗಿಗೆ ಇಳಿದದ್ದು 2019ರ ಸೆಪ್ಟೆಂಬರಿನಲ್ಲಿ. ಹುಡುಗ ತೋರಿಸುತ್ತಿದ್ದದ್ದು ಅದೇ ವರ್ಷದ ಜೂನ್ 1ರದ್ದು, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ದು. ಒಂದು ಕಡೆ ಆಂಥೊನಿ ಜೋಶುವಾ: ಒಲಿಂಪಿಕ್ ಚಿನ್ನ, 22ಕ್ಕೆ 22 ಗೆಲುವು, ಕಡೆದಿಟ್ಟಂಥ ಮೈ. ಇನ್ನೊಂದು ಕಡೆ ಆಂಡಿ ರೂಯಿಸ್: 121 ಕಿಲೋ, ಚಡ್ಡಿಯ ಮೇಲೆ ಜೋತುಬಿದ್ದ ಹೊಟ್ಟೆ. ಮೊದಲು ಗೊತ್ತಾಗಿದ್ದ ಎದುರಾಳಿ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದಕ್ಕೆ ಆ ಜಾಗಕ್ಕೆ ಕರೆದ ಆಳು. ಮೂರನೇ ಸುತ್ತಿನಲ್ಲಿ ರೂಯಿಸ್ ಬಿದ್ದ. ಹೋಟೆಲ್ ನಕ್ಕಿತು.

‘ನಗಬ್ಯಾಡ್ರಿ, ಮುಂದ ನೋಡ್ರಿ.’

ಎದ್ದ ರೂಯಿಸ್ ಹಿಂದೆ ಸರಿಯಲಿಲ್ಲ. ಜೋಶುವಾ ಮುಗಿಸಿಬಿಡುವ ಆತುರದಲ್ಲಿ ಒಳಗೆ ನುಗ್ಗಿದ, ರೂಯಿಸ್ ಕೂಡ ಒಳಗೇ ನುಗ್ಗಿದ. ಎಡಗೈಯ ಕೊಕ್ಕೆ ಹೊಡೆತ ಜೋಶುವಾನ ಕಪಾಲಕ್ಕೆ ಬಿತ್ತು. ಅದೇ ಸುತ್ತಿನಲ್ಲಿ ಅವನು ಎರಡು ಸಲ ಬಿದ್ದ, ಏಳನೇ ಸುತ್ತಿನಲ್ಲಿ ಮತ್ತೆರಡು ಸಲ. ರೆಫರಿ ನಿಲ್ಲಿಸಿಬಿಟ್ಟರು.

ಹಿರಿಯರು ಬಸಿ ಕೆಳಗಿಟ್ಟರು. ‘ತಮ್ಮ, ಹಿಂದಕ್ಕ ತಗಿ. ಅಂವ ಬಿದ್ದು ಎದ್ದದ್ದು ತೋರ್ಸು.’ ಮತ್ತೆ ನೋಡಿದರು. ‘ಕೈ ನೋಡ್ರಿ ಅವನವು. ಹೊಟ್ಟಿ ಯಾಕ ನೋಡ್ತೀರಿ? ಕೈ ಎಷ್ಟು ಚುರುಕದಾವ. ಇಂವ ನಿನ್ನೆ ಕಲ್ತವ ಅಲ್ಲ.’

ಅವರು ಹೆಸರು ಕೇಳಿರದ ಮನುಷ್ಯನ ಬಗ್ಗೆ ಅವರಂದದ್ದು ಸರಿಯಾಗಿತ್ತು. ಆ ರಾತ್ರಿಗೆ ಮುಂಚೆ ರೂಯಿಸ್ ಸೋತದ್ದು ಒಂದೇ ಸಲ, 2016ರಲ್ಲಿ, ಆಕ್ಲೆಂಡಿನಲ್ಲಿ, ಜೋಸೆಫ್ ಪಾರ್ಕರನ ನೆಲದಲ್ಲಿ. ಅದೂ 12 ಸುತ್ತು ಪೂರ್ತಿ ಆಡಿ, ಒಬ್ಬ ತೀರ್ಪುಗಾರ ಸರಿಸಮ ಕೊಟ್ಟ ಹೋರಾಟದಲ್ಲಿ. ಲೆಕ್ಕ ಇಟ್ಟವರಿಗೆ ಇದೆಲ್ಲ ಗೊತ್ತಿತ್ತು. ಮಿಕ್ಕವರು ಹೊಟ್ಟೆ ನೋಡಿದ್ದರು. ಅನಿರೀಕ್ಷಿತ ಗೆಲುವು ಅನ್ನುವಾಗ ನಿರೀಕ್ಷೆ ಯಾರದಿತ್ತು ಎಂದು ಕೇಳುವುದು ನಮಗೆ ರೂಢಿಯಿಲ್ಲ. ಜಾತ್ರೆಯಲ್ಲೂ ಅಷ್ಟೆ, ಜೋಡಿ ಕಟ್ಟಿದವರ ಕಣ್ಣು ತಪ್ಪಿದ್ದನ್ನು ಗೆದ್ದವನ ಲಕ್ಕಿನ ಖಾತೆಗೆ ಬರೆಯುತ್ತೇವೆ.

‘ನಿನ್ನೆ ಕುಸ್ತಿನೂ ಹಂಗ’ ಅಂದರು ಹಿರಿಯರು. ‘ದೊಡ್ಡಾಂವ ಯಾಕ ಕೈ ಒಳಗ ಹಾಕಿದ? ದಮ್ಮು ಹೋಗಿತ್ತು, ಲಗೂ ಮುಗಸ್ಬೇಕಾಗಿತ್ತು. ದಮ್ಮು ಯಾರು ತಗದ್ರು? ನೀವು ಬ್ಯಾಸರಾತಂತ ಬೀಡಿ ಹಚ್ಚಿದಿರಲ್ಲ, ಆ ಐದು ನಿಮಿಷದಾಗ ಈ ಹುಡುಗ ತಗದ. ಕುತ್ತಿಗಿ ಮ್ಯಾಲ ಕೈ ಇಟ್ಟು ಜೋತುಬಿದ್ದು ತಗದ.’

ದಣಿದು ಬಂದಿದ್ದ ಅಂದವನು ಬಿಡಲಿಲ್ಲ. ‘ಆದ್ರೂ ತಾತ, ಅವ ಆರಾಮ ಇದ್ದಿದ್ರ?’

ಈ ಪ್ರಶ್ನೆಗೆ ಬಾಕ್ಸಿಂಗ್ ಲೋಕದಲ್ಲಿ ಬಲವಾದ ಸಾಕ್ಷಿಯೇ ಇದೆ. 1990ರ ಫೆಬ್ರುವರಿ 11, ಟೋಕಿಯೊ. 37 ಹೋರಾಟ ಆಡಿ ಸೋಲೇ ಕಾಣದಿದ್ದ ಮೈಕ್ ಟೈಸನ್‌ಗೆ ಎದುರು ಬಸ್ಟರ್ ಡಗ್ಲಸ್. ಬಾಜಿ 42ಕ್ಕೆ 1. ಡಗ್ಲಸ್‌ನ ತಾಯಿ ತೀರಿಕೊಂಡು ತಿಂಗಳೂ ಆಗಿರಲಿಲ್ಲ. ಎಂಟನೇ ಸುತ್ತಿನಲ್ಲಿ ಬಿದ್ದ, ಎದ್ದ, ಹತ್ತನೆಯದರಲ್ಲಿ ಟೈಸನ್‌ನನ್ನು ಮಲಗಿಸಿದ. ಟೈಸನ್ ತಯಾರಿ ಇಲ್ಲದೆ ಬಂದಿದ್ದ ಎಂಬುದು ನಿಜ. ಊದಿದ ಕಣ್ಣಿಗೆ ಒತ್ತುವ ತಣ್ಣನೆಯ ಲೋಹದ ತುಂಡನ್ನೂ ಅವನ ಕಡೆಯವರು ತಂದಿರಲಿಲ್ಲ, ರಬ್ಬರ್ ಕೈಗವಸಿಗೆ ಐಸ್ ನೀರು ತುಂಬಿ ಒತ್ತುತ್ತಿದ್ದರು. ಆದರೆ ಆ ಕಣ್ಣು ಊದುವಂತೆ ಹತ್ತು ಸುತ್ತು ನೇರ ಎಡಗೈ ಹೊಡೆತ ಕೊಟ್ಟವನು ಡಗ್ಲಸ್. ಸೋತವನ ಆಲಸ್ಯ ಗೆದ್ದವನ ಎಡಗೈಯನ್ನು ಸುಳ್ಳು ಮಾಡುವುದಿಲ್ಲ.

ಕಥೆ ಅಲ್ಲಿಗೇ ನಿಂತಿದ್ದರೆ ಹುಡುಗನಿಗೆ ಗದೆ ಕೊಡಿಸಿದವನು ಗೆದ್ದುಬಿಡುತ್ತಿದ್ದ. ಟೋಕಿಯೊದಲ್ಲಿ 105 ಕಿಲೋ ಇದ್ದ ಡಗ್ಲಸ್ ಅದೇ ಅಕ್ಟೋಬರಿನಲ್ಲಿ ಹೋಲಿಫೀಲ್ಡ್ ಎದುರು ನಿಂತಾಗ 111 ಕಿಲೋ ದಾಟಿದ್ದ. ಮೂರನೇ ಸುತ್ತಿನಲ್ಲಿ ಮಲಗಿದ. ರೂಯಿಸ್‌ನ ಕಥೆ ಇನ್ನೂ ಚಿಕ್ಕದು. 2019ರದೇ ಡಿಸೆಂಬರ್ 7ರಂದು ಸೌದಿ ಅರೇಬಿಯದ ದಿರಿಯಾದಲ್ಲಿ ಮತ್ತೆ ಅದೇ ಜೋಡಿ. ಜೋಶುವಾ ಐದು ಕಿಲೋ ಇಳಿಸಿಕೊಂಡು ಬಂದಿದ್ದ, ರೂಯಿಸ್ ಏಳು ಕಿಲೋ ಏರಿಸಿಕೊಂಡು ಬಂದಿದ್ದ. 12 ಸುತ್ತೂ ಜೋಶುವಾ ದೂರದಲ್ಲೇ ಸುತ್ತುತ್ತ ಹೊಡೆದ, ರೂಯಿಸ್ ಹಿಂದೆ ಹಿಂದೆ ನಡೆದ. ಮೂವರು ತೀರ್ಪುಗಾರರೂ ಒಂದೇ ಕಡೆ ಬರೆದರು. ಮೂರು ತಿಂಗಳು ಸಂಭ್ರಮದಲ್ಲೇ ಕಳೆದೆ ಎಂದು ರೂಯಿಸ್ ತಾನೇ ಒಪ್ಪಿಕೊಂಡ.

ಹಾಗಾದರೆ ಜೂನ್ ಸುಳ್ಳೋ, ಡಿಸೆಂಬರ್ ಸುಳ್ಳೋ? ನನ್ನ ಲೆಕ್ಕದಲ್ಲಿ ಎರಡೂ ಖರೆ. ಜೂನ್ ತೋರಿಸಿದ್ದು ಕೈ. ಡಿಸೆಂಬರ್ ತೋರಿಸಿದ್ದು ಆ ಕೈಯನ್ನು ಹೊತ್ತು ತಿರುಗುವ ಮನುಷ್ಯನನ್ನು. ಹೆವಿವೇಟ್‌ನಲ್ಲಿ ಇದು ಎದ್ದು ಕಾಣುವುದಕ್ಕೆ ಕಾರಣವೂ ಇದೆ. ಉಳಿದ ವರ್ಗಗಳಲ್ಲಿ ಮೀರಬಾರದ ತೂಕ ಅಂತ ಒಂದಿರುತ್ತದೆ, ಉಂಡದ್ದು ಹೆಚ್ಚಾದರೆ ತಕ್ಕಡಿಯೇ ಹೊರಗಟ್ಟುತ್ತದೆ. ಇಲ್ಲಿ ಮೇಲ್ಮಿತಿಯಿಲ್ಲ, ತಡೆಯುವವರಿಲ್ಲ. ನಮ್ಮ ಜಾತ್ರೆ ಕಣದ ಕಡಗದ ಕುಸ್ತಿಯೂ ಅಂಥದ್ದೇ.

ಹಿರಿಯರಿಗೆ ಇಷ್ಟೆಲ್ಲ ಬೇಕಿರಲಿಲ್ಲ. ಅವರಿಗೆ ಗಾಮಾ ಪೈಲ್ವಾನ ಸಾಕು. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಜ್ಬಿಸ್ಕೋ ಎರಡು ತಾಸಿಗೂ ಮಿಕ್ಕಿ ಹೊಟ್ಟೆ ಮೇಲೆ ಮಲಗಿಯೇ ಕಾಲ ತಳ್ಳಿ ಕುಸ್ತಿ ಸಮ ಮಾಡಿಕೊಂಡ. 1928ರಲ್ಲಿ ಪಟಿಯಾಲದಲ್ಲಿ ಮತ್ತೆ ಕೈ ಹತ್ತಿದಾಗ ಅವನನ್ನು ಕೆಡವಲು ಗಾಮಾನಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ‘ಗಾಮಾ ಅಷ್ಟು ವರ್ಷ ಬೈಠಕ್ ಬಿಟ್ಟಿರಲಿಲ್ಲ. ನೀವು ಈ ಹುಡುಗನ್ನ ತೂಗಬೇಕಂದ್ರ ಡಾವು ಕೇಳಬ್ಯಾಡ್ರಿ. ಇವತ್ತು ನಸುಕಿನ್ಯಾಗ ತಾಲೀಮಿಗೆ ಬಂದಿದ್ದನೋ ಇಲ್ಲೋ ಕೇಳ್ರಿ.’

ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಸುದ್ದಿ ಬೇರೆ. ಸೋತವನ ಕಡೆಯವರು ಆಗಲೇ ಫೋನ್ ಮಾಡಿದ್ದಾರೆ, ಹದಿನೈದು ದಿನದಲ್ಲಿ ತಮ್ಮೂರಲ್ಲೇ ಮತ್ತೆ ಹಿಡಿಯಬೇಕಂತೆ. ಹುಡುಗನ ವಸ್ತಾದ ಒಪ್ಪಿಲ್ಲ. ಹಿಡಿದರೆ ರಾಯಚೂರಿನಲ್ಲಿ, ಕಾರಹುಣ್ಣಿಮೆಯ ಮುಂಗಾರು ಹಬ್ಬದಲ್ಲಿ, ಎತ್ತುಗಳು ಭಾರದ ಕಲ್ಲೆಳೆಯುವಲ್ಲಿ ಕುಸ್ತಿಯೂ ನಡೆಯುತ್ತದಲ್ಲ, ಅಲ್ಲಿ. ಇಬ್ಬರ ಊರೂ ಅಲ್ಲದ ಜಾಗ.

‘ಶಾಣ್ಯಾ ಇದ್ದಾನ ವಸ್ತಾದ’ ಅಂದರು ಹಿರಿಯರು. ‘ಕಾರಹುಣ್ಣಿಮಿಗೆ ಎಷ್ಟಾತು? ನಾಕು ತಿಂಗಳು. ಅಷ್ಟರಾಗ ಏನು ಮಾಡ್ತಾನಂತ?’

‘ಐದು ಊರಾಗ ಸನ್ಮಾನಕ್ಕ ಕರದಾರ, ತಾತ. ಊಟ, ಹಾರ, ಶಾಲು.’

‘ಎರಡೂರಿಗೆ ಹೋಗ್ಲಿ, ಮೂರು ಬಿಡ್ಲಿ ಅಂತ ಹೇಳು. ಹೋದಲ್ಲೂ ಹೋಳಿಗಿ ಎರಡಕ್ಕ ಸಾಕು.’